ಸಣ್ಣ ಕೈಗಣಕ ಕಂಪನಿಯೊಂದರ ಉತ್ಪನ್ನ ಚರಿತ್ರೆ ಬರೆಯುವ ಬಗೆ: ಸಿಂಪ್ಯೂಟರಿನ ನಿದರ್ಶನದೊಂದಿಗೆ

ಅಂಗೈಯಲ್ಲಿ ಹಿಡಿದು ಬಳಸುವ, ಹಳ್ಳಿಯವರಿಗೂ ದಕ್ಕಲೆಂದು ಕಲ್ಪಿಸಿದ ಸಿಂಪ್ಯೂಟರ್ ಎಂಬ ಗಣಕದ ಹೆಸರು ನೆನಪಿರುವವರಲ್ಲಿ ಹೆಚ್ಚಿನವರು ಅದರ ಬಗ್ಗೆ ಎರಡೇ ಮಾತು ಹೇಳುತ್ತಾರೆ: ಬೆಂಗಳೂರಿನಲ್ಲಿ ಹುಟ್ಟಿತು, ಹೆಚ್ಚು ದಿನ ಬಾಳಲಿಲ್ಲ. ಈ ಎರಡು ಮಾತುಗಳ ನಡುವಿನ ವರ್ಷಗಳಲ್ಲಿ ಯಾವ ಯಂತ್ರ ಯಾವಾಗ ಹೊರಬಂತು, ಅದರೊಳಗೆ ಏನಿತ್ತು, ತಯಾರಿಸಿದವರು ಯಾರು, ಎಷ್ಟು ಬೆಲೆಗೆ ಮಾರಿದರು, ಕೊಂಡವರು ಅದರಿಂದ ಏನು ಕೆಲಸ ಮಾಡಿಕೊಂಡರು ಎಂದು ವಿಚಾರಿಸಿದರೆ ಒಂದೇ ಕಡೆ ಉತ್ತರ ಸಿಗುವುದಿಲ್ಲ. ದೊಡ್ಡ ಕಂಪನಿಗಳಿಗೆ ತಮ್ಮದೇ ದಾಖಲೆ ಕೊಠಡಿಗಳಿರುತ್ತವೆ, ಅವುಗಳ ಚರಿತ್ರೆ ಬರೆಯಲು ಪತ್ರಕರ್ತರೂ ಇರುತ್ತಾರೆ. ಸಣ್ಣ ಕಂಪನಿ ಮುಚ್ಚಿದ ಮೇಲೆ ಅದರ ಜಾಲತಾಣ ಅಳಿಸಿಹೋಗುತ್ತದೆ, ಕೆಲಸಗಾರರು ಬೇರೆ ಬೇರೆ ಊರುಗಳಿಗೆ ಚದುರುತ್ತಾರೆ, ಯಂತ್ರಗಳು ಯಾರದೋ ಮನೆಯ ಬೀರುವಿನಲ್ಲಿ ಬ್ಯಾಟರಿ ಸೋರಿಸಿಕೊಂಡು ಹಾಳಾಗುತ್ತವೆ. ಹಾಗಾಗುವ ಮುನ್ನ ಇಂಥ ಕಂಪನಿಯೊಂದರ ಉತ್ಪನ್ನಗಳ ಚರಿತ್ರೆಯನ್ನು ಬರೆದಿಡಲು ಬಯಸುವವರಿಗಾಗಿ ಈ ಬರಹ. ನಿದರ್ಶನಕ್ಕೆ ಮುಖ್ಯವಾಗಿ ಸಿಂಪ್ಯೂಟರನ್ನೂ, ಹೋಲಿಕೆ ಬೇಕಾದೆಡೆ ಇಂಗ್ಲೆಂಡಿನ ಸೈಯಾನ್ ಮತ್ತು ಅಮೆರಿಕದ ಪಾಮ್ ಕಂಪನಿಗಳನ್ನೂ ಬಳಸಿಕೊಂಡಿದ್ದೇನೆ.

ಯಾರ ಚರಿತ್ರೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ

ಬರೆಯಲು ಕೂರುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ಬರೆದುಕೊಳ್ಳಬೇಕು. ಯಂತ್ರವನ್ನು ಯಾರು ಕಲ್ಪಿಸಿದರು? ಅದರ ವಿನ್ಯಾಸದ ಹಕ್ಕು ಯಾರದಾಗಿತ್ತು? ಕಾರ್ಖಾನೆಯಲ್ಲಿ ಯಾರು ತಯಾರಿಸಿದರು? ಯಾರ ಹೆಸರಿನಲ್ಲಿ ಅದು ಮಾರಾಟವಾಯಿತು? ಸಣ್ಣ ಕಂಪನಿಗಳ ವಿಷಯದಲ್ಲಿ ಈ ನಾಲ್ಕಕ್ಕೂ ಒಂದೇ ಉತ್ತರ ಬರುವುದು ಅಪರೂಪ, ಮತ್ತು ನಾವು ಓದುವ ತಪ್ಪು ಚರಿತ್ರೆಗಳಲ್ಲಿ ಬಹುಪಾಲು ಈ ನಾಲ್ಕನ್ನು ಒಂದಾಗಿಸಿದ್ದರಿಂದಲೇ ತಪ್ಪಾಗಿವೆ.

ಸಿಂಪ್ಯೂಟರನ್ನೇ ನೋಡಿ. 1998ರ ಅಕ್ಟೋಬರಿನಲ್ಲಿ, ಅಭಿವೃದ್ಧಿಶೀಲ ದೇಶಗಳಲ್ಲಿ ಮಾಹಿತಿ ತಂತ್ರಜ್ಞಾನದ ಬಳಕೆಯನ್ನು ಕುರಿತು ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ವಿಚಾರ ಸಂಕಿರಣದ ಸಮಯದಲ್ಲಿ ಅದರ ಕಲ್ಪನೆ ಮೂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಅವರ ಸಹೋದ್ಯೋಗಿಗಳೊಂದಿಗೆ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿದರು. ಟ್ರಸ್ಟು ಯಂತ್ರಗಳನ್ನು ಮಾರುತ್ತಿರಲಿಲ್ಲ. ವಿನ್ಯಾಸವನ್ನು ತನ್ನ ಬಳಿ ಇಟ್ಟುಕೊಂಡು, ತಯಾರಿಸಬಯಸುವ ಕಂಪನಿಗಳಿಗೆ ಪರವಾನಗಿ ಕೊಡುತ್ತಿತ್ತು. ಆ ಪರವಾನಗಿಯನ್ನು ಪಡೆದದ್ದು ಎರಡು ಕಂಪನಿಗಳು: ಒಂದು ಎನ್ಕೋರ್, ಇನ್ನೊಂದು ಪ್ರಾಧ್ಯಾಪಕರೇ 2001ರಲ್ಲಿ ಹುಟ್ಟುಹಾಕಿದ ಪಿಕೋಪೆಟಾ. ಪಿಕೋಪೆಟಾದ ಯಂತ್ರವನ್ನು ತಯಾರಿಸಿದ್ದು ಸಾರ್ವಜನಿಕ ವಲಯದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಾವೆಲ್ಲರೂ ಬಿಇಎಲ್ ಎನ್ನುವ ಕಾರ್ಖಾನೆ. ಹೀಗಿರುವಾಗ "ಸಿಂಪ್ಯೂಟರ್ ಕಂಪನಿ" ಎಂದು ಬರೆದರೆ ಆ ಹೆಸರಿನ ಕಂಪನಿಯೇ ಇರಲಿಲ್ಲವೆಂಬ ಸರಳ ಸತ್ಯ ತಪ್ಪಿಹೋಗುತ್ತದೆ. ನೀವು ಟ್ರಸ್ಟಿನ ಚರಿತ್ರೆ ಬರೆಯುತ್ತಿದ್ದೀರೋ, ಪಿಕೋಪೆಟಾದ್ದೋ, ಅಥವಾ ಸಿಂಪ್ಯೂಟರ್ ಎಂಬ ವಿನ್ಯಾಸದಿಂದ ಹೊರಟ ಎಲ್ಲ ಯಂತ್ರಗಳದ್ದೋ ಎಂಬುದನ್ನು ಮೊದಲ ಪುಟದಲ್ಲೇ ಓದುಗರಿಗೆ ತಿಳಿಸಿಬಿಡಿ.

ಪರವಾನಗಿಯ ಕರಾರನ್ನೂ ಉತ್ಪನ್ನದ ಭಾಗವೆಂದೇ ಓದಬೇಕು. ಸಿಂಪ್ಯೂಟರ್ ಟ್ರಸ್ಟಿನ ಪರವಾನಗಿಯು ಮುಕ್ತ ತಂತ್ರಾಂಶದ ಪರವಾನಗಿಯ ಮಾದರಿಯನ್ನು ಯಂತ್ರಾಂಶಕ್ಕೂ ಅನ್ವಯಿಸಲು ಮಾಡಿದ ಪ್ರಯತ್ನವಾಗಿತ್ತು: ಒಂದು ಕಂಪನಿ ವಿನ್ಯಾಸದಲ್ಲಿ ಸುಧಾರಣೆ ಮಾಡಿ ಮಾರಬಹುದು, ಆದರೆ ಗೊತ್ತಾದ ಅವಧಿ ಕಳೆದ ಮೇಲೆ ಆ ಸುಧಾರಣೆಯನ್ನು ಟ್ರಸ್ಟಿಗೆ ಒಪ್ಪಿಸಬೇಕು, ಆಗ ಉಳಿದವರಿಗೂ ಅದು ದಕ್ಕುತ್ತದೆ. ಮುಕ್ತ ಯಂತ್ರಾಂಶದ ಮಾತು ಇಂದು ಎಲ್ಲೆಡೆ ಕೇಳಿಬರುತ್ತದೆ. ಅಂದು ಈ ಕರಾರನ್ನು ಬರೆದವರು ಮಾಡಿದ ಕೆಲಸ ಯಂತ್ರದ ಬೋರ್ಡಿನಷ್ಟೇ ಗಂಭೀರವಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಉತ್ಪನ್ನ ಚರಿತ್ರೆಯಲ್ಲಿ ಅದಕ್ಕೆ ಒಂದು ಪೂರ್ಣ ಪುಟ ಸಲ್ಲಬೇಕು.

ಯಂತ್ರವನ್ನು ಕೈಯಲ್ಲಿ ಹಿಡಿದು ಓದುವುದು

ಕಾಗದಪತ್ರ ಹುಡುಕುವ ಮೊದಲು ಯಂತ್ರವನ್ನು ಹುಡುಕಿ. ಬೆಂಗಳೂರಿನಲ್ಲಿರುವವರಿಗೆ ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಗಳೂ ಭಾನುವಾರದ ಸಂಡೇ ಬಜಾರೂ ಇವೆ, ಆದರೆ ಅದಕ್ಕಿಂತ ಹೆಚ್ಚು ಫಲ ಕೊಡುವುದು ಪರಿಚಯದವರಲ್ಲಿ, ಕಾಲೇಜುಗಳ ಪ್ರಯೋಗಾಲಯಗಳಲ್ಲಿ, ನಿವೃತ್ತ ಎಂಜಿನಿಯರುಗಳಲ್ಲಿ ವಿಚಾರಿಸುವುದು. ಕೊಳ್ಳಲಾಗದಿದ್ದರೆ ಒಂದು ದಿನದ ಮಟ್ಟಿಗೆ ಎರವಲು ತಂದು, ಚೆನ್ನಾಗಿ ಬೆಳಕು ಬೀಳುವ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಆರೂ ಮಗ್ಗುಲುಗಳ ಫೋಟೋ ತೆಗೆಯಿರಿ. ಹಿಂಬದಿಯ ಲೇಬಲ್ಲು, ಬ್ಯಾಟರಿಯ ಗೂಡಿನೊಳಗಿನ ಸ್ಟಿಕ್ಕರು, ಚಾರ್ಜರಿನ ಮೇಲಿನ ಅಕ್ಷರಗಳು, ಡಬ್ಬಿ ಉಳಿದಿದ್ದರೆ ಅದರ ಮೇಲಿನ ಗರಿಷ್ಠ ಮಾರಾಟ ಬೆಲೆ, ಇವೆಲ್ಲವೂ ಓದಲು ಬರುವಷ್ಟು ಸ್ಪಷ್ಟವಾಗಿ ಫೋಟೋದಲ್ಲಿ ಮೂಡಬೇಕು. ನಮ್ಮ ದೇಶದಲ್ಲಿ ಡಬ್ಬಿಯ ಮೇಲೆ ತಯಾರಿಕೆಯ ತಿಂಗಳು ಮತ್ತು ಗರಿಷ್ಠ ಬೆಲೆಯನ್ನು ಮುದ್ರಿಸುವ ಕಾನೂನಿರುವುದರಿಂದ, ಒಂದು ಖಾಲಿ ರಟ್ಟಿನ ಡಬ್ಬಿಯು ಪತ್ರಿಕೆಯ ವರದಿಗಿಂತ ನಂಬಲರ್ಹವಾದ ಸಾಕ್ಷಿಯಾಗಬಲ್ಲದು.

ಬ್ಯಾಟರಿಯನ್ನು ತೆಗೆಯುವ ಮೊದಲು ಸ್ವಲ್ಪ ತಡೆಯಿರಿ. 1990ರ ದಶಕದ ಪಾಮ್ ಮತ್ತು ಸೈಯಾನ್ ಯಂತ್ರಗಳಲ್ಲಿ ಬಳಕೆದಾರರು ಬರೆದದ್ದೆಲ್ಲ ವಿದ್ಯುತ್ ಇರುವವರೆಗೆ ಮಾತ್ರ ಉಳಿಯುವ ಸ್ಮೃತಿಯಲ್ಲಿರುತ್ತಿತ್ತು. ಸೆಲ್ಲುಗಳನ್ನು ತೆಗೆದು ಹೊತ್ತು ಕಳೆದರೆ ಎಲ್ಲವೂ ಅಳಿಸಿಹೋಗುತ್ತದೆ. ಆದ್ದರಿಂದ ಯಂತ್ರ ಇನ್ನೂ ಜೀವಂತವಾಗಿದ್ದರೆ ಮೊದಲು ಒಳಗಿರುವುದನ್ನು ಗಣಕಕ್ಕೆ ನಕಲು ಮಾಡಿಕೊಳ್ಳಿ, ಆಮೇಲೆ ಸೆಲ್ಲುಗಳನ್ನು ತೆಗೆಯಿರಿ. ಸೋರಿದ ಸೆಲ್ಲಿನ ಬಿಳಿ ಪುಡಿಯನ್ನು ವಿನೆಗರಿನಲ್ಲಿ ತುಸು ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿ, ಚೆನ್ನಾಗಿ ಒಣಗಿಸಬೇಕು. ಊದಿಕೊಂಡ ಲಿಥಿಯಂ ಬ್ಯಾಟರಿಯನ್ನು ಮಾತ್ರ ಒತ್ತಬಾರದು, ಚುಚ್ಚಬಾರದು, ಚಾರ್ಜ್ ಮಾಡಲು ಪ್ರಯತ್ನಿಸಲೂಬಾರದು.

ಸ್ಕ್ರೂ ಬಿಚ್ಚಿ ಒಳಗೆ ನೋಡುವ ಅನುಮತಿ ಸಿಕ್ಕರೆ ಚರಿತ್ರೆಕಾರರಿಗೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಬೋರ್ಡಿನ ಮೂಲೆಯಲ್ಲಿ ವಿನ್ಯಾಸದ ಆವೃತ್ತಿ ಸಂಖ್ಯೆ ಅಚ್ಚಾಗಿರುತ್ತದೆ. ಚಿಪ್ಪುಗಳ ಬೆನ್ನ ಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿಗಳ ಒಂದು ಸಂಕೇತವಿರುತ್ತದೆ: ಮೊದಲ ಎರಡು ಅಂಕಿ ವರ್ಷ, ಉಳಿದೆರಡು ವಾರ. 0342 ಎಂದಿದ್ದರೆ ಆ ಚಿಪ್ಪು 2003ನೆಯ ವರ್ಷದ 42ನೆಯ ವಾರದಲ್ಲಿ ತಯಾರಾದದ್ದು. ಬೋರ್ಡಿನ ಮೇಲಿನ ಎಲ್ಲ ಚಿಪ್ಪುಗಳ ಸಂಕೇತಗಳನ್ನು ಬರೆದುಕೊಂಡು ಅವುಗಳಲ್ಲಿ ತೀರ ಈಚಿನದನ್ನು ಆರಿಸಿದರೆ, ಆ ಯಂತ್ರ ಅದಕ್ಕಿಂತ ಹಿಂದೆ ತಯಾರಾಗಿರಲು ಸಾಧ್ಯವಿಲ್ಲ ಎಂಬ ಗಟ್ಟಿಯಾದ ಗೆರೆ ಸಿಗುತ್ತದೆ. ಮೂರು ನಾಲ್ಕು ಯಂತ್ರಗಳ ಸಂಕೇತಗಳನ್ನೂ ಸೀರಿಯಲ್ ನಂಬರುಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಕಾರ್ಖಾನೆಯಿಂದ ಯಂತ್ರಗಳ ತಂಡಗಳು (ಬ್ಯಾಚುಗಳು) ಹೊರಬಂದ ಕ್ರಮವೇ ಕಣ್ಣಿಗೆ ಕಟ್ಟತೊಡಗುತ್ತದೆ.

ಯಂತ್ರ ಚಾಲೂ ಆದರೆ ತಂತ್ರಾಂಶದ ಆವೃತ್ತಿಯನ್ನೂ ಬರೆದುಕೊಳ್ಳಿ. ಸಿಂಪ್ಯೂಟರ್ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಮೇಲೆ ನಡೆಯುತ್ತಿದ್ದುದರಿಂದ ಇಲ್ಲಿ ಒಂದು ಅನುಕೂಲವಿದೆ: ಆಜ್ಞೆಗಳನ್ನು ಅಕ್ಷರದಲ್ಲಿ ಕೊಡುವ ಟರ್ಮಿನಲ್ ತೆರೆಯಲು ಸಾಧ್ಯವಾದರೆ, ಲಿನಕ್ಸಿನ ತಿರುಳು (ಕರ್ನೆಲ್) ಯಾವ ಆವೃತ್ತಿಯದು, ಯಾವ ದಿನ ಸಂಕಲನವಾಯಿತು ಎಂಬುದನ್ನು ವ್ಯವಸ್ಥೆಯೇ ಹೇಳುತ್ತದೆ, ಸಂಸ್ಕಾರಕದ (ಪ್ರೊಸೆಸರಿನ) ವಿವರವೂ ಅಲ್ಲಿಯೇ ಸಿಗುತ್ತದೆ. ಜಾಹೀರಾತಿನಲ್ಲಿ ಬರೆದ ವಿವರ ಮತ್ತು ಯಂತ್ರ ತಾನೇ ಹೇಳುವ ವಿವರ ಬೇರೆಯಾದರೆ ಎರಡನ್ನೂ ದಾಖಲಿಸಿ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಸೈಯಾನ್ ಕಂಪನಿಯ 1984ರ ಆರ್ಗನೈಸರ್ ಮಾಹಿತಿಯನ್ನು ಡೇಟಾಪ್ಯಾಕ್ ಎಂಬ ಸಣ್ಣ ಪೆಟ್ಟಿಗೆಗಳಲ್ಲಿ ಇಡುತ್ತಿತ್ತು. ಅವುಗಳೊಳಗಿನ ಚಿಪ್ಪನ್ನು ಅಳಿಸಲು ನೇರಳಾತೀತ ಬೆಳಕಿನಡಿ ಇಡಬೇಕಾಗಿತ್ತು. ಬಳಕೆದಾರರು ಅಳಿಸು ಎಂದು ಆಜ್ಞೆ ಕೊಟ್ಟಾಗ ಯಂತ್ರವು ಆ ನಮೂದಿಗೆ "ಅಳಿಸಿದೆ" ಎಂಬ ಗುರುತು ಹಾಕುತ್ತಿತ್ತೇ ಹೊರತು ಬರಹ ಅಲ್ಲಿಯೇ ಉಳಿಯುತ್ತಿತ್ತು. ಹಳೆಯ ಯಂತ್ರಗಳಲ್ಲಿ ಹೀಗೆ ಯಾರದೋ ದೂರವಾಣಿ ಸಂಖ್ಯೆ, ಯಾರದೋ ಸಾಲದ ಲೆಕ್ಕ, ಯಾರದೋ ಔಷಧದ ಪಟ್ಟಿ ಸಿಗುವುದುಂಟು. ಅದು ಉತ್ಪನ್ನದ ಚರಿತ್ರೆಯಲ್ಲ, ಒಬ್ಬರ ಖಾಸಗಿ ಬದುಕು. ಅದನ್ನು ಪ್ರಕಟಿಸುವ ಹಕ್ಕು ನಮಗಿಲ್ಲ. ಯಂತ್ರ ಕೊಟ್ಟವರನ್ನು ಕೇಳಿ, ಅವರು ಹೇಳಿದಂತೆ ಹಿಂತಿರುಗಿಸಿ ಇಲ್ಲವೆ ಅಳಿಸಿ.

ಒಂದು ಯಂತ್ರಕ್ಕೆ ನಾಲ್ಕು ದಿನಾಂಕ

ಉತ್ಪನ್ನ ಚರಿತ್ರೆಯಲ್ಲಿ ಅತಿ ಹೆಚ್ಚು ತಪ್ಪುಗಳು ಆಗುವುದು ದಿನಾಂಕಗಳಲ್ಲಿ. "ಈ ಯಂತ್ರ 2001ರಲ್ಲಿ ಬಂತು" ಎಂಬ ವಾಕ್ಯದಲ್ಲಿ "ಬಂತು" ಎಂಬ ಕ್ರಿಯಾಪದಕ್ಕೆ ಮೂರು ಅರ್ಥಗಳಿವೆ: ಕಲ್ಪನೆ ಪ್ರಕಟವಾದದ್ದು, ಮಾದರಿಯನ್ನು ಜನರಿಗೆ ತೋರಿಸಿದ್ದು, ಮತ್ತು ಹಣ ಕೊಟ್ಟು ಕೊಳ್ಳಲು ಸಾಧ್ಯವಾದದ್ದು. ಇವುಗಳ ಜೊತೆಗೆ ತಯಾರಿಕೆ ನಿಂತ ದಿನವೂ ಸೇರಿದರೆ ನಾಲ್ಕು. ಪ್ರತಿ ಯಂತ್ರಕ್ಕೂ ಈ ನಾಲ್ಕು ದಿನಾಂಕಗಳ ಸಾಲು ಎಳೆದುಕೊಂಡು, ಗೊತ್ತಾದದ್ದನ್ನು ತುಂಬಿ, ಉಳಿದ ಮನೆಗಳನ್ನು ಖಾಲಿ ಬಿಡುವ ಶಿಸ್ತು ಬೇಕು. ಖಾಲಿ ಮನೆಯನ್ನು ಊಹೆಯಿಂದ ತುಂಬಿದರೆ ಮುಂದಿನ ಹತ್ತು ಜನ ಅದನ್ನೇ ಎತ್ತಿ ಬರೆಯುತ್ತಾರೆ, ಆಮೇಲೆ ಅದನ್ನು ತಿದ್ದುವುದು ಯಾರಿಂದಲೂ ಆಗುವುದಿಲ್ಲ.

ಸಿಂಪ್ಯೂಟರಿನ ಸಾಲನ್ನು ತುಂಬಿ ನೋಡೋಣ. ಕಲ್ಪನೆ 1998ರದ್ದು. ಮಾದರಿಯನ್ನು ಬೆಂಗಳೂರಿನಲ್ಲಿ ಬಹಿರಂಗವಾಗಿ ತೋರಿಸಿದ್ದು 2001ರ ಏಪ್ರಿಲ್ 25ರಂದು. ಆ ವರ್ಷದ ಕೊನೆಯ ಹೊತ್ತಿಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ನಿಯತಕಾಲಿಕವು ಅದನ್ನು ಆ ವರ್ಷದ ಗಮನಾರ್ಹ ಕಲ್ಪನೆಗಳ ಸಾಲಿಗೆ ಸೇರಿಸಿತ್ತು. ಅಷ್ಟು ಹೊಗಳಿಕೆ ಬಂದ ಮೇಲೂ ಪಿಕೋಪೆಟಾ ಮತ್ತು ಬಿಇಎಲ್ ಸೇರಿ "ಅಮಿಡಾ ಸಿಂಪ್ಯೂಟರ್" ಎಂಬ ಹೆಸರಿನಲ್ಲಿ ಅದನ್ನು ಸಾಮಾನ್ಯ ಗ್ರಾಹಕರಿಗಾಗಿ ಮಾರುಕಟ್ಟೆಗೆ ತಂದದ್ದು 2004ರ ಏಪ್ರಿಲಿನಲ್ಲಿ. ಹೊಗಳಿಕೆಗೂ ಅಂಗಡಿಗೂ ನಡುವೆ ಎರಡು ವರ್ಷಕ್ಕೂ ಮೀರಿದ ಅಂತರವಿತ್ತು, ಮತ್ತು ಆ ಅಂತರದಲ್ಲಿಯೇ ನಮ್ಮ ದೇಶದಲ್ಲಿ ಮೊಬೈಲ್ ಫೋನು ಶ್ರೀಮಂತರ ಜೇಬಿನಿಂದ ಇಳಿದು ತರಕಾರಿ ಮಾರುವವರ ಕೈಗೆ ಬಂದಿತು. ಈ ಒಂದು ಸಾಲು ದಿನಾಂಕಗಳನ್ನು ಸರಿಯಾಗಿ ಬರೆದರೆ ಸಿಂಪ್ಯೂಟರ್ ಏಕೆ ಹಳ್ಳಿಗಳನ್ನು ತುಂಬಲಿಲ್ಲ ಎಂಬುದಕ್ಕೆ ಅರ್ಧ ವಿವರಣೆ ತಾನಾಗಿ ಸಿಗುತ್ತದೆ. "ಕಾಲಕ್ಕಿಂತ ಮುಂದಿತ್ತು" ಎಂಬ ಸವಕಲು ಮಾತಿನ ಅಗತ್ಯ ಬೀಳುವುದಿಲ್ಲ.

ಅಂಥ ಅಂತರಗಳ ಕಾರಣವನ್ನು ಬಿಡಿಭಾಗಗಳಲ್ಲಿಯೂ ಹುಡುಕಬೇಕು. ಸಿಂಪ್ಯೂಟರಿನ ಸಂಸ್ಕಾರಕ ಇಂಟೆಲ್ ಕಂಪನಿಯ 206 ಮೆಗಾಹರ್ಟ್ಸಿನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110. ಕಾಂಪ್ಯಾಕ್ ಕಂಪನಿ 2000ದಲ್ಲಿ ಹೊರತಂದ ಐಪ್ಯಾಕ್ 3600 ಸಾಲಿನ ಕೈಗಣಕಗಳಲ್ಲಿದ್ದದ್ದೂ ಇದೇ ಚಿಪ್ಪು. ಅಂದರೆ 2001ರಲ್ಲಿ ತೋರಿಸಿದಾಗ ಸಿಂಪ್ಯೂಟರ್ ಜಗತ್ತಿನ ದುಬಾರಿ ಕೈಗಣಕಗಳಿಗೆ ಸರಿಸಮನಾದ ಹೃದಯವನ್ನೇ ಹೊಂದಿತ್ತು. ಅಷ್ಟರಲ್ಲಿ ಇಂಟೆಲ್ ಸ್ಟ್ರಾಂಗ್‌ಆರ್ಮಿನ ಉತ್ತರಾಧಿಕಾರಿಯಾಗಿ ಎಕ್ಸ್‌ಸ್ಕೇಲನ್ನು ಸಿದ್ಧಪಡಿಸುತ್ತಿತ್ತು. ದೊಡ್ಡ ಕಂಪನಿ ಹೊಸ ಚಿಪ್ಪಿಗೆ ತನ್ನ ಬೋರ್ಡನ್ನು ಬೇಗ ಬದಲಿಸಿಕೊಳ್ಳುತ್ತದೆ, ಸಣ್ಣ ಕಂಪನಿಗೆ ಅದು ಒಂದು ಇಡೀ ಉತ್ಪನ್ನದಷ್ಟೇ ಖರ್ಚಿನ ಕೆಲಸ. ಆದ್ದರಿಂದ ನೀವು ಬರೆಯುವ ಪ್ರತಿ ಯಂತ್ರದ ಮುಖ್ಯ ಚಿಪ್ಪು, ಪರದೆ ಮತ್ತು ಬ್ಯಾಟರಿ ಯಾವಾಗ ಮಾರುಕಟ್ಟೆಗೆ ಬಂದವು, ಯಾವಾಗ ನಿಂತವು ಎಂಬುದನ್ನು ಪಕ್ಕದಲ್ಲಿ ಬರೆದುಕೊಳ್ಳಿ.

ಅಳಿಸಿಹೋದ ಜಾಲತಾಣಗಳ ಹಳೆಯ ಪುಟಗಳಿಗಾಗಿ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನನ್ನು ಬಳಸಬಹುದು. 1996ರಿಂದ ಸಂಗ್ರಹಿಸಿದ ಪುಟಗಳು ಅಲ್ಲಿವೆ. ಆ ಪುಟ ಉಳಿಸಿದ ದಿನಾಂಕವೇ ಯಂತ್ರ ಬಿಡುಗಡೆಯಾದ ದಿನಾಂಕವೆಂದು ಭಾವಿಸಬಾರದು. ಆ ದಿನದ ಹೊತ್ತಿಗೆ ಪುಟವಿತ್ತು ಎಂಬುದಷ್ಟೇ ಅದರ ಸಾಕ್ಷ್ಯ.

ಹೆಸರುಗಳ ವಿಷಯ

ಸಣ್ಣ ಕಂಪನಿಗಳು ಹೆಸರು ಬದಲಿಸುತ್ತವೆ, ಕೆಲವೊಮ್ಮೆ ಬದಲಿಸಬೇಕಾಗುತ್ತದೆ. ಪಾಮ್ ಕಂಪನಿಯ ಮೊದಲ ಯಶಸ್ವಿ ಯಂತ್ರಗಳಾದ ಪೈಲಟ್ 1000 ಮತ್ತು ಪೈಲಟ್ 5000 ಹೊರಬಂದದ್ದು 1996ರಲ್ಲಿ. ಪೈಲಟ್ ಎಂಬ ಹೆಸರಿನ ಪೆನ್ನು ತಯಾರಿಸುವ ಕಂಪನಿಯೊಂದಿಗೆ ವ್ಯಾಜ್ಯವಾದ ಮೇಲೆ ಆ ಹೆಸರನ್ನು ಬಿಡಬೇಕಾಯಿತು, ಮತ್ತು 1998ರ ಯಂತ್ರ ಬರೀ "ಪಾಮ್ 3" ಎಂಬ ಹೆಸರಿನಲ್ಲಿ ಬಂತು. ಜನ ಮಾತ್ರ ಎಷ್ಟೋ ವರ್ಷಗಳ ಕಾಲ ಎಲ್ಲ ಪಾಮ್ ಯಂತ್ರಗಳನ್ನೂ ಪಾಮ್‌ಪೈಲಟ್ ಎಂದೇ ಕರೆದರು. ಹೀಗಾಗಿ ಹಳೆಯ ವರದಿಯಲ್ಲಿ ಒಂದು ಹೆಸರು ಕಂಡಾಗ, ಅದು ಆ ಮಾದರಿಯ ನಿಜವಾದ ಹೆಸರೋ ಜನರ ಬಾಯಲ್ಲಿದ್ದ ಹೆಸರೋ ಎಂದು ಯಂತ್ರದ ಲೇಬಲ್ಲಿನೊಂದಿಗೆ ಹೋಲಿಸಿ ನೋಡಬೇಕು. ಕಂಪನಿ ಕೈ ಬದಲಾದಾಗಲೂ ಹೀಗೆಯೇ. ಪಿಕೋಪೆಟಾ ಮುಂದೆ ಮುಂಬೈ ಮೂಲದ ಜಿಯೋಡೆಸಿಕ್ ಕಂಪನಿಗೆ ಸೇರಿತು, ಅಮಿಡಾ ಎಂಬ ಹೆಸರೂ ಆ ಕಂಪನಿಯ ಜೊತೆಗೆ ಹೋಯಿತು. ಮಾದರಿ ಸಂಖ್ಯೆಗಳ ಸರಣಿಯಲ್ಲಿ ಒಂದು ಅಂಕಿ ಬಿಟ್ಟುಹೋಗಿದ್ದರೆ ಗಾಬರಿಯಾಗಬೇಕಿಲ್ಲ: ಸೈಯಾನ್ 1991ರಲ್ಲಿ ಸೀರೀಸ್ 3ನ್ನೂ 1997ರಲ್ಲಿ ಸೀರೀಸ್ 5ನ್ನೂ ಮಾರಿತು, ನಡುವೆ ಸೀರೀಸ್ 4 ಎಂಬುದೇ ಇರಲಿಲ್ಲ.

ಬೆಲೆ ಮತ್ತು ಸಂಖ್ಯೆ

ಬೆಲೆಯನ್ನು ಬರೆಯುವಾಗ ಮೂರು ಸಂಗತಿಗಳು ಜೊತೆಯಲ್ಲಿರಬೇಕು: ಯಾವ ಮಾದರಿಯದು, ಯಾವ ದಿನದ್ದು, ಗುರಿಯಾಗಿ ಹೇಳಿದ ಬೆಲೆಯೋ ನಿಜವಾಗಿ ಮಾರಿದ ಬೆಲೆಯೋ. ಸಿಂಪ್ಯೂಟರಿನ ಬೆಲೆ ಸುಮಾರು 9,000 ರೂಪಾಯಿ ಎಂದು 2001ರಿಂದ ಎಲ್ಲರೂ ಬರೆಯುತ್ತ ಬಂದರು. ಅದು ಗುರಿ. 2004ರಲ್ಲಿ ಅಮಿಡಾ ಬಂದಾಗ ಕಪ್ಪು-ಬಿಳುಪು ಪರದೆಯ ಮೂಲ ಮಾದರಿಗೆ ಹತ್ತು ಸಾವಿರದ ಆಸುಪಾಸು, ಬಣ್ಣದ ಪರದೆಯದಕ್ಕೆ ಅದರ ಸುಮಾರು ಎರಡರಷ್ಟು ಬೆಲೆಯಿತ್ತು. ಬೆಲೆಯನ್ನು ಇಂದಿನ ರೂಪಾಯಿಗೆ ಅಥವಾ ಡಾಲರಿಗೆ ಪರಿವರ್ತಿಸಿ ಬರೆಯುವುದಾದರೆ ಮೂಲದ ಅಂಕಿಯನ್ನು ಅಳಿಸಬೇಡಿ. ಪೈಲಟ್ 1000ದ ಬೆಲೆ 299 ಡಾಲರ್ ಎಂಬುದು ಸತ್ಯ, ಅದನ್ನು ಇಂದಿನ ದರದಲ್ಲಿ ಗುಣಿಸಿದ್ದು ಕೇವಲ ಓದುಗರ ಅನುಕೂಲ.

ಆದರೆ ಬೆಲೆಯೊಂದನ್ನೇ ನೋಡಿದರೆ ಸಿಂಪ್ಯೂಟರಿನ ಲೆಕ್ಕಾಚಾರ ಅರ್ಥವಾಗುವುದಿಲ್ಲ, ಏಕೆಂದರೆ ಅದನ್ನು ಕಲ್ಪಿಸಿದವರು ಒಬ್ಬೊಬ್ಬರೂ ಒಂದೊಂದು ಕೊಳ್ಳಬೇಕೆಂದು ಬಯಸಿರಲಿಲ್ಲ. ಯಂತ್ರದಲ್ಲಿ ಸ್ಮಾರ್ಟ್ ಕಾರ್ಡ್ ಹಾಕುವ ಸೀಳು ಇತ್ತು. ಊರಿಗೊಂದು ಯಂತ್ರ, ಮನೆಗೊಂದು ಕಾರ್ಡು. ಪಂಚಾಯಿತಿಯಲ್ಲೋ ಶಾಲೆಯಲ್ಲೋ ಅಂಗಡಿಯಲ್ಲೋ ಇಟ್ಟ ಯಂತ್ರವನ್ನು ಬಾಡಿಗೆಗೆ ಪಡೆದು, ತನ್ನ ಕಾರ್ಡನ್ನು ಹಾಕಿದ ಕೂಡಲೇ ಅದು ತನ್ನದೇ ಯಂತ್ರವಾಗುತ್ತದೆ ಎಂಬುದು ಅವರ ಯೋಚನೆ. ಅಕ್ಷರ ಬಾರದವರಿಗೆ ಪರದೆಯ ಮೇಲಿನದನ್ನು ಯಂತ್ರ ಓದಿ ಹೇಳಬೇಕು ಎಂಬುದೂ ಅದೇ ಯೋಚನೆಯ ಭಾಗ. ಉತ್ಪನ್ನದ ವಿವರಗಳ ಪಟ್ಟಿಯಲ್ಲಿ "ಸ್ಮಾರ್ಟ್ ಕಾರ್ಡ್ ಓದುಗ: ಇದೆ" ಎಂದು ಒಂದು ಸಾಲು ಬರೆದು ಮುಂದೆ ಹೋದರೆ ಈ ಯಂತ್ರದ ಪ್ರಾಣವೇ ಬಿಟ್ಟುಹೋದಂತೆ. ಪ್ರತಿಯೊಂದು ಭಾಗವೂ ಅಲ್ಲಿ ಯಾಕಿದೆ, ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಇಟ್ಟರು ಎಂದು ಕೇಳುವುದೇ ಈ ಕೆಲಸದ ತಿರುಳು.

ಮಾರಾಟದ ಸಂಖ್ಯೆಗಳಲ್ಲಿ ಬಹಳ ಎಚ್ಚರಿಕೆ ಬೇಕು. ತಯಾರಾದದ್ದು, ಕಾರ್ಖಾನೆಯಿಂದ ಹೊರಟದ್ದು, ಗ್ರಾಹಕರ ಕೈ ಸೇರಿದ್ದು ಇವು ಮೂರು ಬೇರೆ ಬೇರೆ ಅಂಕಿಗಳು. ಸಿಂಪ್ಯೂಟರಿನ ಬಗ್ಗೆ 2005ರ ವರದಿಗಳಲ್ಲಿ ಸುಮಾರು 4,000 ಯಂತ್ರಗಳು ಮಾರಾಟವಾದವು, ಗುರಿ 50,000 ಇತ್ತು ಎಂಬ ಮಾತು ಬರುತ್ತದೆ. ಅದನ್ನು ಎತ್ತಿ ಬರೆಯುವಾಗ "2005ರ ವರದಿಗಳ ಪ್ರಕಾರ" ಎಂಬ ಮಾತನ್ನು ಬಿಡಬಾರದು, ಅದು ಎರಡೂ ಕಂಪನಿಗಳದ್ದೋ ಒಂದರದ್ದೋ ಎಂದು ಪರಿಶೀಲಿಸದೆ ಒಟ್ಟು ಮೊತ್ತವೆಂದು ಬರೆಯಲೂಬಾರದು.

ಇಲ್ಲಿ ನಮ್ಮ ಓದುಗರಿಗೆ ಒಂದು ವಿಶೇಷ ಅನುಕೂಲವಿದೆ. ಬಿಇಎಲ್ ಸಾರ್ವಜನಿಕ ವಲಯದ ಸಂಸ್ಥೆಯಾದ್ದರಿಂದ ಅದರ ವಾರ್ಷಿಕ ವರದಿಗಳು ಸಿಗುತ್ತವೆ, 2005ರ ಮಾಹಿತಿ ಹಕ್ಕು ಕಾಯ್ದೆಯೂ ಅದಕ್ಕೆ ಅನ್ವಯವಾಗುತ್ತದೆ. ಸಿಂಪ್ಯೂಟರನ್ನು ಕರ್ನಾಟಕದಲ್ಲಿ ಭೂದಾಖಲೆಯ ಕೆಲಸಕ್ಕೂ ಛತ್ತೀಸಗಢದಲ್ಲಿ ಶಿಕ್ಷಣಕ್ಕೂ ಬಳಸಿ ನೋಡಲಾಗಿತ್ತು. ಹಾಗೆ ಬಳಸಿದ ಇಲಾಖೆಗಳಲ್ಲಿ ಖರೀದಿಯ ಕಡತಗಳಿರಬೇಕು. ಕರ್ನಾಟಕ ಸರ್ಕಾರದ ಇಲಾಖೆಗೆ ಅರ್ಜಿ ಹಾಕುವಾಗ 10 ರೂಪಾಯಿ ಶುಲ್ಕ, ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ ಎಂಬ ನಿಯಮಗಳನ್ನು ನೆನಪಿಡಿ. "ಸಿಂಪ್ಯೂಟರ್ ಯೋಜನೆಯ ಸಮಗ್ರ ಮಾಹಿತಿ ಕೊಡಿ" ಎಂದು ಕೇಳಿದರೆ ಏನೂ ಸಿಗುವುದಿಲ್ಲ. ಇಂಥ ವರ್ಷದಿಂದ ಇಂಥ ವರ್ಷದವರೆಗೆ ಖರೀದಿಸಿದ ಕೈಗಣಕಗಳ ಸಂಖ್ಯೆ, ಖರೀದಿ ಆದೇಶದ ದಿನಾಂಕ ಮತ್ತು ದರ ಎಂದು ಬಿಡಿಸಿ ಕೇಳಬೇಕು.

ಮಾಡಿದವರನ್ನೂ ಬಳಸಿದವರನ್ನೂ ಕೇಳುವುದು

ಕಂಪನಿಯಲ್ಲಿ ದುಡಿದ ಹಿರಿಯರನ್ನು ಕಾಣಲು ಹೋಗುವಾಗ ಯಂತ್ರವನ್ನೋ ಅದರ ಫೋಟೋವನ್ನೋ ತೆಗೆದುಕೊಂಡು ಹೋಗಿ. ಬರೀ ಪ್ರಶ್ನೆ ಕೇಳಿದಾಗ ಬಾರದ ನೆನಪು ಯಂತ್ರ ಕೈಗೆ ಬಂದೊಡನೆ ಬರುತ್ತದೆ: ಈ ಗುಂಡಿಯನ್ನು ಎಷ್ಟು ಸಲ ಬದಲಿಸಿದೆವು, ಈ ಮುಚ್ಚಳದ ಅಚ್ಚು ಯಾವಾಗ ಬಂತು ಎಂದು ಅವರೇ ಹೇಳತೊಡಗುತ್ತಾರೆ. "ಯಾಕೆ ಸೋತಿರಿ ಸಾರ್" ಎಂದು ಆರಂಭಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದೂ ಅಲ್ಲ. ಬದಲಿಗೆ, ಮೊದಲ ತಂಡದಲ್ಲಿ ಎಷ್ಟು ಯಂತ್ರ ಮಾಡಿದಿರಿ, ಯಾವ ಬಿಡಿಭಾಗಕ್ಕಾಗಿ ಕಾಯಬೇಕಾಯಿತು, ಕನ್ನಡದ ಅಕ್ಷರಗಳನ್ನು ಪರದೆಗೆ ತರುವಾಗ ಯಾವ ತೊಡಕು ಬಂತು ಎಂದು ಕೆಲಸದ ಪ್ರಶ್ನೆ ಕೇಳಿ. ಅನುಮತಿ ಪಡೆದು ಧ್ವನಿಮುದ್ರಿಸಿಕೊಳ್ಳಿ. ಬರೆದ ಮೇಲೆ ಅವರ ಮಾತಿನ ಭಾಗವನ್ನು ಅವರಿಗೇ ಓದಿ ಹೇಳಿ. ನೆನಪು ಹೇಳುವ ವರ್ಷಕ್ಕೂ ಕಾಗದ ಹೇಳುವ ವರ್ಷಕ್ಕೂ ವ್ಯತ್ಯಾಸ ಬಂದರೆ ದಿನಾಂಕದ ಮಟ್ಟಿಗೆ ಕಾಗದವನ್ನು ನಂಬಬೇಕು. ಕಾರಣಗಳ ಮಟ್ಟಿಗೆ ನಾನು ಸಾಮಾನ್ಯವಾಗಿ ನೆನಪಿನ ಕಡೆಗೇ ವಾಲುತ್ತೇನೆ, ಏಕೆಂದರೆ ಪತ್ರಿಕಾ ಪ್ರಕಟಣೆಗಳಲ್ಲಿ ನಿಜವಾದ ಕಾರಣವನ್ನು ಬರೆಯುವ ವಾಡಿಕೆ ಇಲ್ಲ.

ಬಳಸಿದವರ ಮಾತು ಇನ್ನೂ ಅಪರೂಪದ್ದು. ಯಂತ್ರವನ್ನು ಕೈಯಲ್ಲಿ ಹಿಡಿದು ಹೊಲಕ್ಕೋ ಶಾಲೆಗೋ ಹೋದ ಗ್ರಾಮ ಲೆಕ್ಕಿಗರು, ಶಿಕ್ಷಕರು, ಸ್ವಯಂಸೇವಾ ಸಂಘದವರು ಯಾವ ಪುಸ್ತಕದಲ್ಲೂ ಇಲ್ಲ. ಬಿಸಿಲಿನಲ್ಲಿ ಪರದೆ ಕಾಣುತ್ತಿತ್ತೇ, ಚಾರ್ಜು ಸಂಜೆಯವರೆಗೆ ಬರುತ್ತಿತ್ತೇ, ಪರದೆಯ ಮೇಲೆ ಬರೆಯುವ ಕಡ್ಡಿ ಕಳೆದುಹೋದರೆ ಏನು ಮಾಡುತ್ತಿದ್ದರು ಎಂಬುದನ್ನು ಅವರಲ್ಲದೆ ಬೇರೆ ಯಾರೂ ಹೇಳಲಾರರು.

ಬರೆಯುವಾಗ

ಸಾಮಗ್ರಿ ಕೂಡಿದ ಮೇಲೆ ಯಂತ್ರಕ್ಕೊಂದು ಅಧ್ಯಾಯದಂತೆ ಬರೆಯಬಹುದು, ಆದರೆ ಎಲ್ಲ ಯಂತ್ರಕ್ಕೂ ಒಂದೇ ಉದ್ದ ಕೊಡಬೇಕಿಲ್ಲ. ಸ್ಮೃತಿ ಮಾತ್ರ ಹೆಚ್ಚಿಸಿ ಮತ್ತೆ ಮಾರಿದ ಮಾದರಿಗೆ ಎರಡು ವಾಕ್ಯ ಸಾಕು. ಅಮಿಡಾದಂಥ ಯಂತ್ರಕ್ಕೆ ಮೊದಲ ಕಂಡಿಕೆ ಹೀಗಿರಬಹುದು: "ಅಮಿಡಾ ಸಿಂಪ್ಯೂಟರ್, ಸಿಂಪ್ಯೂಟರ್ ಟ್ರಸ್ಟಿನ ಪರವಾನಗಿಯಡಿ ಬೆಂಗಳೂರಿನ ಪಿಕೋಪೆಟಾ ವಿನ್ಯಾಸಗೊಳಿಸಿ, ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿ, 2004ರ ಏಪ್ರಿಲಿನಲ್ಲಿ ಮಾರುಕಟ್ಟೆಗೆ ಬಂದ ಕೈಗಣಕ. ಲಿನಕ್ಸ್ ವ್ಯವಸ್ಥೆಯ ಈ ಯಂತ್ರದಲ್ಲಿ ಸ್ಪರ್ಶಪರದೆಯ ಮೇಲೆ ಕಡ್ಡಿಯಿಂದ ಬರೆದದ್ದನ್ನು ಹಾಗೆಯೇ ಇಮೇಲಿನಲ್ಲಿ ಕಳಿಸಬಹುದಾಗಿತ್ತು, ಯಂತ್ರವನ್ನು ವಾಲಿಸಿದರೆ ಅದನ್ನು ಗುರುತಿಸುವ ಚಲನ ಸಂವೇದಕವೂ ಇತ್ತು." ಇದರ ನಂತರ ನಿಮ್ಮ ವಿವೇಚನೆಯ ಮಾತು ಬರಲಿ. ಕೈಬರಹವನ್ನು ಹಾಗೆಯೇ ಕಳಿಸುವ ಸೌಲಭ್ಯ ಕನ್ನಡಿಗರಿಗೆ ಎಷ್ಟು ದೊಡ್ಡದಾಗಿತ್ತು ಎಂಬುದನ್ನು, ಗಣಕದಲ್ಲಿ ಕನ್ನಡದ ಫಾಂಟುಗಳು ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದೆ ಪರದಾಡುತ್ತಿದ್ದ ಆ ದಿನಗಳನ್ನು ಕಂಡವರು ಬಲ್ಲರು: ಕೀಲಿಮಣೆಯೂ ಬೇಡ, ಫಾಂಟೂ ಬೇಡ, ಬರೆದ ಒತ್ತಕ್ಷರ ಬರೆದಂತೆಯೇ ಹೋಗಿ ತಲಪುತ್ತಿತ್ತು.

"ಜಗತ್ತಿನ ಮೊದಲ" ಎಂಬ ಮಾತನ್ನು ಬರೆಯುವ ಮೊದಲು ಮೂರು ಸಲ ಪರೀಕ್ಷಿಸಿ. ಸೈಯಾನ್ ತನ್ನ 1984ರ ಆರ್ಗನೈಸರನ್ನು ಜಗತ್ತಿನ ಮೊದಲ ಉಪಯುಕ್ತ ಜೇಬುಗಣಕ ಎಂದು ಪ್ರಚಾರ ಮಾಡಿತು. ಜಪಾನಿನ ಶಾರ್ಪ್ ಕಂಪನಿಯ ಪಿಸಿ-1211 ಅದಕ್ಕೂ ನಾಲ್ಕು ವರ್ಷ ಮೊದಲೇ, 1980ರಲ್ಲಿ, ಮಾರಾಟಕ್ಕೆ ಬಂದಿತ್ತು. ಅಮಿಡಾದ ಚಲನ ಸಂವೇದಕದ ಬಗ್ಗೆಯೂ "ಮೊದಲ" ಎನ್ನುವ ಬದಲು, 2007ರಲ್ಲಿ ಬಂದ ಐಫೋನಿಗಿಂತ ಮೂರು ವರ್ಷ ಮೊದಲು ಎಂದು ಬರೆದರೆ ಮಾತು ಸತ್ಯವಾಗಿಯೂ ಇರುತ್ತದೆ, ಓದುಗರಿಗೆ ಅದರ ತೂಕವೂ ತಿಳಿಯುತ್ತದೆ.

ಕೊನೆಯ ಅಧ್ಯಾಯವನ್ನು ಯಂತ್ರದ ತಯಾರಿಕೆ ನಿಂತಲ್ಲಿಗೆ ನಿಲ್ಲಿಸಬಾರದು. ಸೈಯಾನ್ 2001ರಲ್ಲಿ ಜನಸಾಮಾನ್ಯರ ಕೈಗಣಕಗಳಿಂದ ಹಿಂದೆ ಸರಿಯಿತು, ಆದರೆ ಅದರ ಎಪಾಕ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಆಧರಿಸಿ ನೋಕಿಯಾ ಮತ್ತು ಎರಿಕ್ಸನ್ ಜೊತೆ 1998ರಲ್ಲಿ ಸ್ಥಾಪಿಸಿದ ಸಿಂಬಿಯನ್ ಮುಂದೆ ಕೋಟ್ಯಂತರ ನೋಕಿಯಾ ಫೋನುಗಳಲ್ಲಿ ಬಾಳಿತು. ಎನ್ಕೋರ್ ಕಂಪನಿ ಸಿಂಪ್ಯೂಟರಿನ ಅನುಭವದಿಂದ 2005ರಲ್ಲಿ ಮೊಬಿಲಿಸ್ ಎಂಬ ಇನ್ನೊಂದು ಯಂತ್ರವನ್ನು ತಂದಿತು. ಸಿಂಪ್ಯೂಟರಿಗಾಗಿ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ಮೂಡಿದ "ಧ್ವನಿ" ಎಂಬ ತಂತ್ರಾಂಶ, ಭಾರತೀಯ ಭಾಷೆಗಳ ಪಠ್ಯವನ್ನು ಓದಿ ಹೇಳುವಂಥದ್ದು, ಮುಕ್ತ ತಂತ್ರಾಂಶವಾಗಿದ್ದುದರಿಂದ ಯಂತ್ರ ಮರೆಯಾದ ಮೇಲೂ ಬೇರೆಯವರ ಕೈಯಲ್ಲಿ ಬೆಳೆಯಿತು. ಹೀಗೆ ಯಂತ್ರದಿಂದ ಹೊರಟು ಬೇರೆಡೆ ನೆಲೆನಿಂತ ತಂತ್ರಾಂಶ, ಜನ, ಪರವಾನಗಿ ಮತ್ತು ಅಭ್ಯಾಸಗಳನ್ನು ಒಂದೊಂದಾಗಿ ಹಿಂಬಾಲಿಸಿ ಬರೆಯಬೇಕು. "ವಿಫಲ" ಎಂಬ ಪದವನ್ನು ಬಳಸುವುದಾದರೆ ಯಾವುದರಲ್ಲಿ ವಿಫಲ, ಯಾರು ಇಟ್ಟುಕೊಂಡ ಗುರಿಯಲ್ಲಿ ವಿಫಲ ಎಂಬುದು ಅದೇ ವಾಕ್ಯದಲ್ಲಿರಲಿ.

ಬರಹ ಮುಗಿದ ಮೇಲೆ ಫೋಟೋಗಳನ್ನು ನಿಮ್ಮ ಫೋನಿನಲ್ಲಿ ಮಾತ್ರ ಉಳಿಸಬೇಡಿ. ನೀವೇ ತೆಗೆದ ಚಿತ್ರಗಳನ್ನು ಮುಕ್ತ ಪರವಾನಗಿಯಡಿ ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಸಂಗ್ರಹದ ತಾಣಕ್ಕೆ ಏರಿಸಬಹುದು. ಕೈಪಿಡಿ, ಜಾಹೀರಾತು ಮುಂತಾದವುಗಳ ಹಕ್ಕುಸ್ವಾಮ್ಯ ಬೇರೆಯವರದಾದ್ದರಿಂದ ಅವನ್ನು ಏರಿಸುವ ಮೊದಲು ಹಕ್ಕುದಾರರ ಒಪ್ಪಿಗೆ ಪಡೆಯಿರಿ. ಚಿತ್ರದ ಹೆಸರಿನಲ್ಲಿಯೇ ಮಾದರಿ, ಬೋರ್ಡಿನ ಆವೃತ್ತಿ ಮತ್ತು ಫೋಟೋ ತೆಗೆದ ದಿನಾಂಕವನ್ನು ಸೇರಿಸಿ. ಯಂತ್ರವನ್ನು ಎರವಲು ತಂದಿದ್ದರೆ ಬಿಚ್ಚಿದ ಸ್ಕ್ರೂಗಳನ್ನು ಎಣಿಸಿ ಹಾಕಿ, ಸೆಲ್ಲುಗಳನ್ನು ಹೊರತೆಗೆದು, ಮೃದುವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ಸೀರಿಯಲ್ ನಂಬರು ಮತ್ತು ಸೆಲ್ಲು ತೆಗೆದ ದಿನಾಂಕ ಬರೆದ ಚೀಟಿಯನ್ನು ಕಟ್ಟಿ, ಕೊಟ್ಟವರ ಕೈಗೇ ಹಿಂತಿರುಗಿಸಿ.